ಒತ್ತಕ್ಷರಕ್ಕೆ ಜಾಗ ಬಿಡಿ: ಕನ್ನಡ ಬ್ಲಾಗನ್ನು ಓದುವ ಹಾಗೆ ತಿದ್ದುವುದು

ಹೋದ ಚೌತಿಗೆ ಮುಂಬಯಿಯ ಮಾಟುಂಗಾದಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ಅವರು ಫೋನ್ ತೆಗೆದು ನನ್ನ ಬ್ಲಾಗ್ ತೆರೆದರು. ಅವರು ಚಿಕ್ಕವರಿದ್ದಾಗ ಕೆಲಸ ಮಾಡಿದ ಹೋಟೆಲಿನ ಬಗ್ಗೆಯೇ ಬರೆದ ಲೇಖನ ಅದು. ಕನ್ನಡಕ ಹಣೆಗೆ ಏರಿಸಿದರು, ಫೋನನ್ನು ಮೂಗಿನ ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಆಮೇಲೆ ಕೇಳಿದರು: "ಇದೆಂಥದ್ದು ಮಾರಾಯ, ಸಾಲಿಗೆ ಸಾಲು ಅಂಟಿಕೊಂಡಿದೆ?"

ಫೋನ್ ತೆಗೆದುಕೊಂಡು ನೋಡಿದೆ. ಒಂದು ಸಾಲಿನಲ್ಲಿ 'ರಾಷ್ಟ್ರೀಯ ರಜೆ' ಅಂತ ಇತ್ತು. ಅದರ ಸರಿಯಾಗಿ ಕೆಳಗೆ 'ಹಿಟ್ಟು ರುಬ್ಬುವ' ಅಂತ ಇತ್ತು. ಮೇಲಿನ ಸಾಲಿನ ಟ ಒತ್ತು, ಅದಕ್ಕಂಟಿದ ರ ಒತ್ತು ಎರಡೂ ಇಳಿದು ಬಂದು ಕೆಳಗಿನ ಹಿ ಅಕ್ಷರದ ಗುಡಿಸಿಗೆ ತಾಗಿದ್ದವು. ಅದು ಹಿ ಅಂತ ಗೊತ್ತಾಗಲು ಒಂದು ಗಳಿಗೆ ಬೇಕಿತ್ತು. ನನಗೇ ಹಾಗಾದರೆ ಎಪ್ಪತ್ತು ದಾಟಿದವರಿಗೆ ಹೇಗೆ, ಅಲ್ವಾ?

ಆ ರಾತ್ರಿ ಡೊಂಬಿವಲಿಗೆ ವಾಪಸ್ ಬಂದವನೇ ಬ್ಲಾಗನ್ನು ಬಿಚ್ಚಿ ಕೂತೆ. ಮೂರು ತಿಂಗಳು ಶನಿವಾರ ಭಾನುವಾರ ಅದೇ ಕೆಲಸ. ಆಗ ತಿಳಿದದ್ದು ಇಷ್ಟು: ನಮಗೆ ಸಿಗುವ ಥೀಮುಗಳಲ್ಲಿ, ಅಂದರೆ ಬ್ಲಾಗಿನ ಸಿದ್ಧ ವಿನ್ಯಾಸಗಳಲ್ಲಿ, ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದ ಅಂಗಿಗಳು. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುವುದಿಲ್ಲ. ನಮ್ಮಲ್ಲಿ ಕೂರುತ್ತದೆ, ಕೆಲವೊಮ್ಮೆ ಎರಡು ಕೂರುತ್ತವೆ. ಅಂಗಿ ಬಿಚ್ಚಿ ಮತ್ತೆ ಹೊಲಿಯದೆ ಬೇರೆ ದಾರಿ ಇಲ್ಲ. ಹೊಲಿಯುವುದು ಕಷ್ಟವೂ ಅಲ್ಲ. ಕೋಡಿಂಗ್ ಕಲಿತಿರಬೇಕು ಅಂತೇನಿಲ್ಲ. ನಾನು ಲೆಕ್ಕಪತ್ರದ ಕೆಲಸದವನು.

ಮುಂದೆ ಹೇಳುವುದು ಹೆಚ್ಚಾಗಿ ಗೂಗಲ್‌ನ ಬ್ಲಾಗರ್ ಬಳಸುವವರಿಗೆ, ಯಾಕೆಂದರೆ ನನ್ನದು ಅದರಲ್ಲೇ ಇದೆ. ವರ್ಡ್‌ಪ್ರೆಸ್ಸಿನವರಿಗೂ ವಿಷಯ ಒಂದೇ, ಗುಂಡಿ ಇರುವ ಜಾಗ ಬೇರೆ. ಕೋಡಿನ ಪದಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮುಟ್ಟುವ ಮೊದಲು ನಕಲು

ಬ್ಲಾಗರ್‌ನಲ್ಲಿ ಎರಡು ನಕಲು ಬೇಕು, ಒಂದಲ್ಲ. ಥೀಮ್ ಪುಟಕ್ಕೆ ಹೋಗಿ, ಕಸ್ಟಮೈಸ್ ಪಕ್ಕದ ಬಾಣ ಒತ್ತಿದರೆ ಬ್ಯಾಕಪ್ ಅಂತ ಸಿಗುತ್ತದೆ. ಅದು ಬಟ್ಟೆಯ ನಕಲು. ಸೆಟ್ಟಿಂಗ್ಸ್ ಒಳಗೆ ಬ್ಲಾಗ್ ನಿರ್ವಹಣೆಯ ಭಾಗದಲ್ಲಿ ಇನ್ನೊಂದು ಬ್ಯಾಕಪ್ ಇದೆ, ಅದು ಬರಹಗಳ ನಕಲು. ಮೊದಲನೆಯದನ್ನು ಮಾತ್ರ ಇಳಿಸಿಕೊಂಡು 'ಎಲ್ಲ ಭದ್ರ' ಅಂದುಕೊಂಡವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಎರಡನ್ನೂ ಇಳಿಸಿ, ಕಡತದ ಹೆಸರಿಗೆ ಆ ದಿನದ ತಾರೀಕು ಸೇರಿಸಿ, ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ.

ಇನ್ನೊಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಫಾಂಟು, ಬಣ್ಣ, ಅಗಲ ಮೂರನ್ನೂ ಒಟ್ಟಿಗೆ ಬದಲಾಯಿಸಿ ಪುಟ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ. ನಾನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಎಡಗಡೆ ಮೊದಲಿದ್ದ ಅಂಕಿ, ಬಲಗಡೆ ಹೊಸ ಅಂಕಿ ಅಂತ ಬರೆದಿಡುತ್ತೇನೆ. ಹಿಂದಕ್ಕೆ ಹೋಗುವುದು ಸುಲಭವಾಗುತ್ತದೆ.

ಸಾಲಿನ ಎತ್ತರ: ಎಲ್ಲಕ್ಕಿಂತ ಮೊದಲು ಇದನ್ನೇ ಮಾಡಿ

ಬೇರೆ ಏನೂ ಮಾಡಲು ಪುರುಸೊತ್ತಿಲ್ಲ ಅಂದರೆ ಇದೊಂದನ್ನು ಮಾಡಿ. ಪುಟದ ಅಕ್ಷರ, ಬಣ್ಣ, ಅಳತೆ ಹೇಗಿರಬೇಕು ಅಂತ ಹೇಳುವ ಕೋಡಿಗೆ ಸಿಎಸ್‌ಎಸ್ ಅನ್ನುತ್ತಾರೆ. ಅದರಲ್ಲಿ ಲೈನ್-ಹೈಟ್ ಅಂತ ಒಂದು ಗುಣ ಇದೆ. ಅಕ್ಷರದ ಗಾತ್ರಕ್ಕೆ ಎಷ್ಟು ಪಟ್ಟು ಎತ್ತರದಲ್ಲಿ ಒಂದು ಸಾಲು ಕೂರಬೇಕು ಅನ್ನುವುದು ಅದರ ಅರ್ಥ. ಥೀಮುಗಳಲ್ಲಿ ಸಾಮಾನ್ಯವಾಗಿ 1.4 ಅಥವಾ 1.5 ಇರುತ್ತದೆ. ಇಂಗ್ಲಿಷಿಗೆ ಅದು ಹದ. ಕನ್ನಡಕ್ಕೆ ಸಾಲದು. ನಾನು 1.6ರಿಂದ ಶುರು ಮಾಡಿ ಏರಿಸುತ್ತಾ ಹೋದೆ. 1.7ರಲ್ಲಿ ಒತ್ತುಗಳು ಬಿಡಿಸಿಕೊಂಡವು, 1.8ರಲ್ಲಿ ಕಣ್ಣಿಗೆ ಆರಾಮ ಸಿಕ್ಕಿತು. 2ಕ್ಕೆ ಹೋದರೆ ಸಾಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಂಡವು, ವಾಪಸ್ 1.8ಕ್ಕೆ ಬಂದೆ.

ಮಾಡುವುದು ಹೀಗೆ. ಥೀಮ್, ಕಸ್ಟಮೈಸ್, ಅಡ್ವಾನ್ಸ್ಡ್, ಅಲ್ಲಿ ಪಟ್ಟಿಯ ಕೊನೆಗೆ ಆ್ಯಡ್ ಸಿಎಸ್‌ಎಸ್. ಖಾಲಿ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಅದಕ್ಕೆ ತಾಗಿಸಿ ಪೋಸ್ಟ್-ಬಾಡಿ ಅಂತ ಬರೆಯಿರಿ. ಆಮೇಲೆ ಸುರುಳಿ ಕಂಸ ತೆರೆದು ಲೈನ್-ಹೈಟ್, ಕೋಲನ್, 1.8, ಸೆಮಿಕೋಲನ್ ಹಾಕಿ ಕಂಸ ಮುಚ್ಚಿ. ಅಷ್ಟೇ. ವರ್ಡ್‌ಪ್ರೆಸ್ಸಿನ ಹಳೆಯ ಮಾದರಿಯ ಥೀಮುಗಳಲ್ಲಿ ಕಸ್ಟಮೈಸ್ ಒಳಗೆ ಅಡಿಷನಲ್ ಸಿಎಸ್‌ಎಸ್ ಅನ್ನುವ ಜಾಗ ಇರುತ್ತದೆ, ಅಲ್ಲಿ ಪೋಸ್ಟ್-ಬಾಡಿಯ ಬದಲು ಎಂಟ್ರಿ-ಕಂಟೆಂಟ್ ಅಂತ ಹಾಕಬೇಕು. 1.8ರ ಮುಂದೆ ಪಿಕ್ಸೆಲ್ ಅಂತ ಏನನ್ನೂ ಸೇರಿಸಬೇಡಿ. ಬರಿ ಅಂಕಿ ಇದ್ದರೆ ಅಕ್ಷರ ದೊಡ್ಡದಾದಾಗ ಸಾಲಿನ ಎತ್ತರವೂ ಜೊತೆಗೆ ಬೆಳೆಯುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಕಟ್ಟಿಹಾಕಿದರೆ ತಲೆಬರಹಗಳು ಒಂದರ ಮೇಲೊಂದು ಬೀಳುತ್ತವೆ.

ಇಷ್ಟು ಮಾಡಿದರೂ ಕೆಲವು ಹಳೆಯ ಲೇಖನಗಳು ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಯಾಕೆ ಅಂತ ತಿಳಿಯಲು ನನಗೆ ಎರಡು ವಾರ ಹಿಡಿಯಿತು. ಅವನ್ನೆಲ್ಲ ನಾನು ವರ್ಡ್‌ನಲ್ಲಿ ಬರೆದು ನಕಲಿಸಿ ಅಂಟಿಸಿದ್ದೆ. ಹಾಗೆ ಅಂಟಿಸಿದಾಗ ವರ್ಡ್‌ನ ಫಾಂಟು, ಗಾತ್ರ, ಸಾಲಿನ ಎತ್ತರ ಎಲ್ಲವೂ ಪ್ರತಿ ಪ್ಯಾರಾದ ಒಳಗೇ ಹೊಕ್ಕಿ ಕೂರುತ್ತವೆ, ಮತ್ತೆ ನೀವು ಹೊರಗಿನಿಂದ ಎಷ್ಟು ಹೇಳಿದರೂ ಒಳಗಿನ ಮಾತೇ ನಡೆಯುತ್ತದೆ. ಅಂಥ ಲೇಖನವನ್ನು ತೆರೆದು, ಪೂರ್ತಿ ಆಯ್ಕೆ ಮಾಡಿ, ಕ್ಲಿಯರ್ ಫಾರ್ಮ್ಯಾಟಿಂಗ್ ಗುಂಡಿ ಒತ್ತಿ. ದಪ್ಪ ಅಕ್ಷರ ಮಾಡಿದ್ದೆಲ್ಲ ಹೋಗುತ್ತದೆ, ಅದನ್ನು ಮತ್ತೆ ಮಾಡಿಕೊಳ್ಳಬೇಕು. ಇನ್ನು ಮುಂದೆ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ. ಬರಿ ಅಕ್ಷರ ಮಾತ್ರ ಬರುತ್ತದೆ.

ಗಾತ್ರದ ಬಗ್ಗೆ ಒಂದು ಮಾತು. ನಮ್ಮ ಮುಂಬಯಿಯ ಮನೆಗಳಲ್ಲಿ ಮಕ್ಕಳು ಮಾತಾಡುವುದು ಕನ್ನಡ ಅಥವಾ ತುಳು, ಶಾಲೆಯಲ್ಲಿ ಓದುವುದು ಮರಾಠಿ, ಹಿಂದಿ, ಇಂಗ್ಲಿಷ್. ಕನ್ನಡ ಅಕ್ಷರ ಗೊತ್ತಿದ್ದರೂ ಕೂಡಿಸಿ ಓದುತ್ತಾರೆ. ನನ್ನ ಅಕ್ಕನ ಮಗಳು ಬೆರಳಿಟ್ಟು ಓದುತ್ತಾಳೆ, ಪ ಮತ್ತು ಷ, ಘ ಮತ್ತು ಫ ಹತ್ತಿರ ಬಂದಾಗ ನಿಲ್ಲುತ್ತಾಳೆ. ಅಂಥವರಿಗೆ 14 ಪಿಕ್ಸೆಲ್ ಅಕ್ಷರ ಕೊಟ್ಟರೆ ಅವರು ಪುಟ ಮುಚ್ಚಿ ಹೋಗುತ್ತಾರೆ. ನಾನು ಲೇಖನದ ಅಕ್ಷರವನ್ನು 19 ಮಾಡಿದ್ದೇನೆ. 18ಕ್ಕಿಂತ ಕೆಳಗೆ ಇಳಿಯಬೇಡಿ ಅಂತ ನನ್ನ ಸಲಹೆ.

ಸಾಲಿನ ಅಗಲವೂ ಮುಖ್ಯ. ಕಂಪ್ಯೂಟರಿನಲ್ಲಿ ಪುಟ ಈ ತುದಿಯಿಂದ ಆ ತುದಿಗೆ ಹರಡಿದರೆ ಒಂದು ಸಾಲು ಮುಗಿಸಿ ಮುಂದಿನ ಸಾಲಿನ ಶುರು ಹುಡುಕುವಾಗ ಕಣ್ಣು ತಪ್ಪುತ್ತದೆ. ಮ್ಯಾಕ್ಸ್-ವಿಡ್ತ್ ಅಂತ ಹಾಕಿ 680 ಪಿಕ್ಸೆಲ್‌ಗೆ ನಿಲ್ಲಿಸಿ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡವೇ ಬೇಡ. 'ಮಾಡಿಕೊಳ್ಳಬೇಕಾಗಿರುವುದರಿಂದ' ಅನ್ನುವಂಥ ಪದ ನಮ್ಮಲ್ಲಿ ದಿನಬಳಕೆಯದು, ಫೋನಿನಲ್ಲಿ ಅದೊಂದೇ ಮುಕ್ಕಾಲು ಸಾಲು ನುಂಗುತ್ತದೆ. ಉಳಿದ ಎರಡು ಪದಗಳ ನಡುವೆ ಓಣಿಯಷ್ಟು ಖಾಲಿ ಬಿಡುತ್ತದೆ ಈ ಜಸ್ಟಿಫೈ. ಎಡಕ್ಕೆ ಹೊಂದಿಸಿ ಬಿಟ್ಟುಬಿಡಿ.

ಲೆಟರ್-ಸ್ಪೇಸಿಂಗ್ ಅಂತ ಥೀಮಿನಲ್ಲಿ ಎಲ್ಲಾದರೂ ಇದ್ದರೆ ಸೊನ್ನೆ ಮಾಡಿ. ಇಂಗ್ಲಿಷ್ ತಲೆಬರಹಕ್ಕೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಇಡುವುದು ಚೆಂದ. ಕನ್ನಡದಲ್ಲಿ ದೀರ್ಘ, ಅರ್ಕಾವತ್ತು ಎಲ್ಲ ತಮ್ಮ ಅಕ್ಷರದಿಂದ ದೂರ ಸರಿದು ನಿಲ್ಲುತ್ತವೆ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಅಲಂಕಾರದಲ್ಲೂ ಇದೇ ಗೋಳು. 'ಸ್ತ್ರೀ' ಅಂತ ಶುರುವಾದರೆ ಕೆಲವು ಬ್ರೌಸರ್‌ಗಳು ಸ್ ಒಂದನ್ನೇ ದೊಡ್ಡದು ಮಾಡಿ ತ್ರೀಯನ್ನು ಬೇರೆ ಇಡುತ್ತವೆ. ಅದನ್ನು ತೆಗೆದುಹಾಕಿ.

ಫಾಂಟ್ ಬದಲಾಯಿಸಿದರೂ ಬದಲಾಗುವುದಿಲ್ಲ, ಯಾಕೆ?

ಇದನ್ನು ಬಹಳ ಜನ ಕೇಳುತ್ತಾರೆ. ಥೀಮ್ ಡಿಸೈನರ್‌ನಲ್ಲಿ ಫಾಂಟುಗಳ ಪಟ್ಟಿ ಇರುತ್ತದೆ, ಒಂದೊಂದಾಗಿ ಒತ್ತಿ ನೋಡುತ್ತೇವೆ, ಇಂಗ್ಲಿಷ್ ಅಕ್ಷರ ಕುಣಿಯುತ್ತದೆ, ಕನ್ನಡ ಮಾತ್ರ ಹಾಗೇ ಕಲ್ಲಿನ ಹಾಗೆ ನಿಂತಿರುತ್ತದೆ. ಕಾರಣ ಸರಳ. ರೊಬೊಟೊ, ಲ್ಯಾಟೊ ಇಂಥವುಗಳಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ತಾನು ಕೇಳಿದ ಫಾಂಟಿನಲ್ಲಿ 'ಕ' ಸಿಗದಿದ್ದಾಗ ಬ್ರೌಸರ್ ಆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಮೊದಲೇ ಇರುವ ಕನ್ನಡ ಫಾಂಟಿನಿಂದ ತಂದು ಹಾಕುತ್ತದೆ. ವಿಂಡೋಸ್‌ನ ಹಳೆಯ ಕಂಪ್ಯೂಟರಿನಲ್ಲಿ ಅದು ತುಂಗಾ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ. ಹಾಗಾಗಿ ನಿಮ್ಮ ಮನೆಯಲ್ಲಿ ಕಾಣುವ ಪುಟ ಬೇರೆ, ಓದುಗರ ಕೈಯಲ್ಲಿ ಕಾಣುವ ಪುಟ ಬೇರೆ.

ಇದು ತಪ್ಪಲ್ಲ. ಫೋನಿನಲ್ಲಿ ಇರುವ ಫಾಂಟನ್ನೇ ಬಳಸಿದರೆ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ, ಪುಟ ಬೇಗ ತೆರೆಯುತ್ತದೆ. ಆದರೂ ಒಂದು ಬ್ಲಾಗಿಗೆ ತನ್ನದೇ ಮುಖ ಬೇಕು ಅನಿಸುತ್ತದೆ. ನನಗೂ ಅನಿಸಿತು. ಗೂಗಲ್ ಫಾಂಟ್ಸ್ ತಾಣಕ್ಕೆ ಹೋಗಿ ಭಾಷೆ ಕನ್ನಡ ಅಂತ ಆರಿಸಿದರೆ ಉಚಿತ ಫಾಂಟುಗಳು ಸಿಗುತ್ತವೆ: ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ಟಿರೊ ಕನ್ನಡ, ಬೆಣ್ಣೆ, ಹುಬ್ಬಳ್ಳಿ, ಬಲೂ ತಮ್ಮ, ಅನೇಕ್ ಕನ್ನಡ. ಕೊನೆಯ ಎರಡನ್ನೂ ಮಾಡಿದ್ದು ಏಕ್ ಟೈಪ್, ನಮ್ಮ ಮುಂಬಯಿಯದೇ ಸಂಸ್ಥೆ. ಇದೇ ಊರಿನಲ್ಲಿ ಕೂತು ಕನ್ನಡಕ್ಕೆ ಇಷ್ಟು ಚೆಂದದ ಅಕ್ಷರ ಕೊರೆದಿದ್ದಾರೆ ಅಂತ ತಿಳಿದ ದಿನ ನನಗೆ ಹೆಮ್ಮೆ ಆಗಿತ್ತು, ತಲೆಬರಹಗಳಿಗೆಲ್ಲ ಬಲೂ ತಮ್ಮವನ್ನೇ ಹಾಕಿದೆ. ದುಂಡಗೆ, ದಪ್ಪಗೆ, ಹಬ್ಬದ ಊಟದ ಬೋರ್ಡಿನ ಹಾಗೆ ಕಾಣುತ್ತದೆ. ಲೇಖನದ ಒಳಗೆ ಮಾತ್ರ ಅದು ಭಾರ, ಅಲ್ಲಿಗೆ ನೋಟೊ ಸೆರಿಫ್ ಹಾಕಿದ್ದೇನೆ.

ಎರಡಕ್ಕಿಂತ ಜಾಸ್ತಿ ಫಾಂಟ್ ಬೇಡ. ಕನ್ನಡ ಫಾಂಟಿನ ಕಡತ ಇಂಗ್ಲಿಷಿನದಕ್ಕಿಂತ ದೊಡ್ಡದಿರುತ್ತದೆ, ಗುಣಿತಾಕ್ಷರ ಒತ್ತಕ್ಷರಗಳ ರೂಪಗಳೆಲ್ಲ ಅದರೊಳಗೆ ತುಂಬಿರಬೇಕಲ್ಲ. ಒಂದೇ ಫಾಂಟಿನ ಒಂಬತ್ತು ದಪ್ಪಗಳಿದ್ದರೆ ಎರಡನ್ನು ಮಾತ್ರ ಆರಿಸಿ: ಸಾಮಾನ್ಯ 400, ದಪ್ಪ 700. ಗೂಗಲ್ ಕೊಡುವ ಕೊಂಡಿಯಲ್ಲಿ ಡಿಸ್‌ಪ್ಲೇ ಸ್ವಾಪ್ ಅನ್ನುವ ಪದ ಇರಲಿ, ತೆಗೆಯಬೇಡಿ. ಫಾಂಟ್ ಇಳಿಯುವವರೆಗೆ ಪುಟ ಖಾಲಿ ಕಾಣದೆ ಫೋನಿನ ಅಕ್ಷರದಲ್ಲೇ ತೋರಿಸಿ, ಇಳಿದ ಮೇಲೆ ಬದಲಾಯಿಸುತ್ತದೆ ಅದು.

ಟಿರೊ ಕನ್ನಡ ನೋಡಲು ತುಂಬ ಸೊಗಸು, ಹಳೆಯ ಅಚ್ಚಿನ ಪುಸ್ತಕದ ಹಾಗೆ. ಆದರೆ ಅದರಲ್ಲಿ ದಪ್ಪ ಅಕ್ಷರ ಬೇರೆ ಇಲ್ಲ. ನೀವು ದಪ್ಪ ಮಾಡಿದರೆ ಬ್ರೌಸರ್ ತಾನೇ ಮಸಿ ಬಳಿದು ದಪ್ಪ ಮಾಡುತ್ತದೆ, ಒಳಗಿನ ಸುಳಿಗಳು ಮುಚ್ಚಿಹೋಗುತ್ತವೆ. ಅದನ್ನು ಬಳಸುವುದಾದರೆ ಒತ್ತಿ ಹೇಳುವ ಕಡೆ ಬಣ್ಣವನ್ನೋ ಉದ್ಧರಣ ಚಿಹ್ನೆಯನ್ನೋ ಬಳಸಿ. ಬೇರೆ ಫಾಂಟುಗಳಲ್ಲಿ ಓರೆ ಅಕ್ಷರಕ್ಕೂ ಇಂಥದ್ದೇ ಗೋಳು. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಓರೆಯ ರೂಪ ಇರುವುದಿಲ್ಲ, ಬ್ರೌಸರ್ ನೆಟ್ಟಗಿದ್ದ ಅಕ್ಷರವನ್ನೇ ದೂಡಿ ವಾಲಿಸುತ್ತದೆ. ಕವಿತೆಯನ್ನು ಓರೆಯಲ್ಲಿ ಹಾಕುವ ಅಭ್ಯಾಸ ನನಗಿತ್ತು. ಈಗ ಕವಿತೆಗೆ ಎಡಗಡೆ ಸ್ವಲ್ಪ ಜಾಗ ಬಿಟ್ಟು ಒಂದು ತೆಳು ಗೆರೆ ಎಳೆಯುತ್ತೇನೆ. ಅದು ಎಷ್ಟೋ ಚೆನ್ನಾಗಿದೆ.

ಬಣ್ಣ ಬೇಗ ಮುಗಿಸುತ್ತೇನೆ. ಬಿಳಿ ಮೇಲೆ ತಿಳಿ ಬೂದು ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ಅಂತರ ಇರಬೇಕು ಅನ್ನುವುದು ವೆಬ್ಬಿನಲ್ಲಿ ಒಪ್ಪಿದ ಅಳತೆ. ಬಿಳಿ ಮೇಲೆ #222 ಅಥವಾ #333 ಅನ್ನುವ ಕಡು ಬೂದು ಬಣ್ಣ ಹಾಕಿದರೆ ಚಿಂತೆ ಇಲ್ಲ. ಕೊಂಡಿಗಳಿಗೆ ಬೇರೆ ಬಣ್ಣ ಕೊಡಿ, ಅಡಿಗೆರೆಯನ್ನು ಹಾಗೇ ಉಳಿಸಿದರೆ ಅದು ಒತ್ತಕ್ಷರವನ್ನು ಕತ್ತರಿಸಿಕೊಂಡು ಹೋಗುತ್ತದೆ. ಬೇಕೇ ಬೇಕು ಅಂದರೆ ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ ಅನ್ನುವ ಗುಣದಿಂದ ಗೆರೆಯನ್ನು ಕೆಳಗೆ ಇಳಿಸಬಹುದು.

ಕಣ್ಣಿಗೆ ಕಾಣದ ಅಕ್ಷರಗಳು

ಇದು ಡಿಸೈನ್ ಅಲ್ಲ ಅನ್ನಬಹುದು. ನನ್ನ ಪ್ರಕಾರ ಇದೇ ಡಿಸೈನಿನ ಬುಡ. 'ಪ್ಲಾಟ್‌ಫಾರ್ಮ್' ಅನ್ನುವ ಪದ ತೆಗೆದುಕೊಳ್ಳಿ. ಟ್ ಆದ ಮೇಲೆ ಒಂದು ಅಗಲವೇ ಇಲ್ಲದ, ಕಾಣದ ಅಕ್ಷರ ಇದೆ. ಅದು ಟ್ ಮತ್ತು ಫ ಕೂಡಿಕೊಳ್ಳದ ಹಾಗೆ ತಡೆಯುತ್ತದೆ. ಅದಿಲ್ಲದಿದ್ದರೆ 'ಪ್ಲಾಟ್ಫಾರ್ಮ್' ಆಗಿಬಿಡುತ್ತದೆ, ಟ ಕಾಲಡಿ ಫ ಸಿಕ್ಕಿಹಾಕಿಕೊಳ್ಳುತ್ತದೆ. 'ರ‍್ಯಾಲಿ' ಬರೆಯಲು ಬೇಕಾದದ್ದು ಇದರ ಜೋಡಿ ಅಕ್ಷರ, ಅದು ಕೂಡಿಸುವಂಥದ್ದು. ಇಲ್ಲದಿದ್ದರೆ ಅರ್ಕಾವತ್ತು ಬಂದು 'ರ್ಯಾಲಿ' ಆಗುತ್ತದೆ. ಊರ ಹೆಸರು, ಸ್ಟೇಷನ್ ಹೆಸರು, ಇಂಗ್ಲಿಷ್ ಪದಗಳನ್ನು ದಿನವೂ ಬಳಸುವ ನಮ್ಮಂಥವರಿಗೆ ಈ ಎರಡೂ ಬೇಕೇ ಬೇಕು. ನಿಮ್ಮ ಕೀಬೋರ್ಡಿನಲ್ಲಿ ಅವುಗಳ ಕೀಲಿ ಯಾವುದು ಅಂತ ಒಮ್ಮೆ ಹುಡುಕಿ ಬರೆದಿಟ್ಟುಕೊಳ್ಳಿ. ಸಿಗದಿದ್ದರೆ ಲೇಖನದ ಒಳಗಿನ ಕೋಡು ತೋರಿಸುವ ಎಚ್‌ಟಿಎಂಎಲ್ ನೋಟದಲ್ಲಿ ಆಂಪರ್‌ಸ್ಯಾಂಡ್, ಹ್ಯಾಶ್, 8204, ಸೆಮಿಕೋಲನ್ ಒಟ್ಟಿಗೆ ಬರೆದರೆ ಬಿಡಿಸುವ ಅಕ್ಷರ ಬರುತ್ತದೆ, 8205 ಅಂದರೆ ಕೂಡಿಸುವುದು.

ಇನ್ನೊಂದು ಹಳೆಯ ರೋಗ: ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಟೈಪ್ ಮಾಡುವುದು. 'ಬಂದ' ಮತ್ತು 'ಬ೦ದ' ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಬದಲಾಯಿಸಿದಾಗ ಸೊನ್ನೆ ಒಂದೇ ಎದ್ದು ಕಾಣುತ್ತದೆ. ನನ್ನ 2012ರ ಬರಹಗಳಲ್ಲಿ ನೂರಾರು ಇದ್ದವು. ನೋಟ್‌ಪ್ಯಾಡ್‌ಗೆ ಹಾಕಿ ಹುಡುಕಿ ಬದಲಾಯಿಸಿದೆ. ಒಂದೊಂದಾಗಿ ನೋಡಿಕೊಂಡೇ ಮಾಡಿ, ನಿಜವಾದ ೧೦, ೨೦ ಇರುವ ಕಡೆ ಅದನ್ನೂ ಕೆಡಿಸಿಬಿಡುತ್ತೀರಿ.

ಹಾಗೆಯೇ ಪುಟದ ಭಾಷೆ ಕನ್ನಡ ಅಂತ ಥೀಮಿಗೆ ತಿಳಿಸಿ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಮಾಡಿದರೆ ತಿಂಗಳ ಹೆಸರುಗಳೂ ಕನ್ನಡದಲ್ಲೇ ಬರುತ್ತವೆ. ಜೊತೆಗೇ ಟೈಮ್ ಜೋನ್ ನೋಡಿ. ಅದು ಅಮೆರಿಕದ ಪೆಸಿಫಿಕ್ ಸಮಯಕ್ಕೆ ಇದ್ದರೆ ಇಲ್ಲಿ ಬೆಳಿಗ್ಗೆ 8ಕ್ಕೆ ಹಾಕಿದ ಲೇಖನದ ಮೇಲೆ ನಿನ್ನೆಯ ತಾರೀಕು ಬೀಳುತ್ತದೆ. ಯುಗಾದಿ ಶುಭಾಶಯ ಅಮಾವಾಸ್ಯೆಯ ದಿನವೇ ಬಂದ ಹಾಗೆ.

ಠಾಣೆಯಿಂದ ದಿವಾಕ್ಕೆ ಹೋಗುವಾಗ ತೆರೆಯಬೇಕು

ನನ್ನ ಓದುಗರಲ್ಲಿ ಬಹಳ ಜನ ಲೋಕಲ್ ರೈಲಿನಲ್ಲಿ ಓದುವವರು. ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದು ಕೈಯಲ್ಲಿ ಫೋನ್, ಕೆಲಸ ಮಾಡುವುದು ಹೆಬ್ಬೆರಳು ಒಂದೇ. ಠಾಣೆ ಬಿಟ್ಟು ಮುಂಬ್ರಾ ಗುಡ್ಡದ ಹತ್ತಿರ ಬಂದಾಗ ನನ್ನ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿಯುತ್ತದೆ. ಅಲ್ಲಿ ತೆರೆದರೆ ಎಲ್ಲಿಯೂ ತೆರೆಯುತ್ತದೆ. ಹೊಸದೇನಾದರೂ ಸೇರಿಸಿದರೆ ಮರುದಿನ ಆಫೀಸಿನಿಂದ ವಾಪಸ್ ಬರುವಾಗ ಅಲ್ಲೇ ಪರೀಕ್ಷೆ ಮಾಡುತ್ತೇನೆ. ಮನೆಯಲ್ಲಿ ಕೂತು ಮಾಡುವುದಾದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಭಾಗದಲ್ಲಿ ವೇಗವನ್ನು 3ಜಿಗೆ ಇಳಿಸಿ ಪುಟ ಮತ್ತೆ ತೆರೆಯಿರಿ. ಯಾವ ಕಡತ ಎಷ್ಟು ಹೊತ್ತು ತಿಂದಿತು ಅಂತ ಸಾಲಾಗಿ ತೋರಿಸುತ್ತದೆ.

ಹೆಚ್ಚಾಗಿ ತಪ್ಪು ಫೋಟೋಗಳದು. ಮಾಟುಂಗಾದ ಕನ್ನಡ ಸಂಘವಾದ ಮೈಸೂರು ಅಸೋಸಿಯೇಶನ್ನಿನ ಒಂದು ನಾಟಕದ ಬಗ್ಗೆ ಬರೆದಾಗ ಫೋನಿನಿಂದ ತೆಗೆದ ಎಂಟು ಫೋಟೋ ಹಾಗೇ ಏರಿಸಿದ್ದೆ, ಒಂದೊಂದು 4 ಎಂಬಿ. ಅಷ್ಟು ದೊಡ್ಡ ಫೋಟೋ ಯಾರಿಗೂ ಬೇಡ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಗುಣಮಟ್ಟ 75ರ ಆಸುಪಾಸು ಇಟ್ಟು ಉಳಿಸಿದರೆ 150ರಿಂದ 250 ಕೆಬಿ ಒಳಗೆ ಬರುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸ್ಕ್ವೂಶ್ ಅಂತ ಒಂದು ಉಚಿತ ತಾಣ ಇದೆ, ಕ್ರೋಮ್ ಬಳಗದವರು ಮಾಡಿದ್ದು. ಫೋಟೋ ಎಳೆದು ಹಾಕಿದರೆ ಎಡಗಡೆ ಹಳೆಯದು, ಬಲಗಡೆ ಹೊಸದು ತೋರಿಸುತ್ತಾ ಇಳಿಸಿಕೊಡುತ್ತದೆ. ನಾನು ಲೇಖನಕ್ಕೆ ಮೂರೇ ಫೋಟೋ ಅಂತ ನಿಯಮ ಮಾಡಿಕೊಂಡಿದ್ದೇನೆ.

ಆಮೇಲೆ ಪಕ್ಕದ ಪಟ್ಟಿಯ ಸಾಮಾನುಗಳು. ಗಡಿಯಾರ, ಭೇಟಿಯ ಎಣಿಕೆ, ಬೀಳುವ ಹೂ, ತಾನಾಗಿ ಶುರುವಾಗುವ ಹಾಡು. ಅವನ್ನು ಸೇರಿಸುವಾಗ ಸಿಗುವ ಖುಷಿ ನನಗೂ ಗೊತ್ತು, ನಾನೂ ಸೇರಿಸಿದ್ದೆ. 2014ರಲ್ಲಿ ಯಾವುದೋ ತಾಣದಿಂದ ಎಣಿಕೆಯ ಸ್ಕ್ರಿಪ್ಟ್, ಅಂದರೆ ಪುಟದೊಳಗೆ ಓಡುವ ಪುಟ್ಟ ಕೋಡು, ಒಂದನ್ನು ನಕಲಿಸಿ ಹಾಕಿದೆ. ಆರು ತಿಂಗಳು ಚೆನ್ನಾಗಿತ್ತು. ಒಂದು ದಿನ ಅಮ್ಮನ ಭಜನಾ ಮಂಡಳಿಯವರೊಬ್ಬರು ಫೋನ್ ಮಾಡಿ, ನಿನ್ನ ಲೇಖನ ಒತ್ತಿದರೆ ಏನೇನೋ ಜಾಹೀರಾತು ಬರುತ್ತದೆ ಮಗಾ, ತೋರಿಸಲಿಕ್ಕೆ ನಾಚಿಕೆ ಆಗುತ್ತದೆ ಅಂದರು. ಆ ಸ್ಕ್ರಿಪ್ಟ್ ನನ್ನ ಪುಟದಲ್ಲಿದ್ದರೂ ಅದರ ಒಡೆಯರು ಬೇರೆ, ಅವರು ತಮ್ಮ ಕಡೆ ಬದಲಾಯಿಸಿದರೆ ನನ್ನ ಪುಟವೂ ಬದಲಾಗುತ್ತದೆ ಅನ್ನುವುದು ಆಗ ಅರ್ಥವಾಯಿತು. ಅಂದಿನಿಂದ ಹೊರಗಿನ ಸ್ಕ್ರಿಪ್ಟ್ ಒಂದನ್ನೂ ಹಾಕಿಲ್ಲ. ಎಣಿಕೆ ಬೇಕಾದರೆ ಬ್ಲಾಗರ್‌ನ ಒಳಗೇ ಇದೆ, ಅದು ನಿಮಗೊಬ್ಬರಿಗೆ ಕಂಡರೆ ಸಾಕು.

ಉಳಿಸಿಕೊಳ್ಳಬೇಕಾದದ್ದು ಮೂರು: ಹುಡುಕುವ ಜಾಗ, ಲೇಬಲ್‌ಗಳು, ಹಳೆಯ ಲೇಖನಗಳ ಪಟ್ಟಿ. ಮೆನುವಿನ ಗುಂಡಿಗಳು ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ. ಪುಟದ ಪಿಕ್ಸೆಲ್ ಲೆಕ್ಕದಲ್ಲಿ ಆಪಲ್ ಹೇಳುವ ಅಳತೆ ಸುಮಾರು 44, ಗೂಗಲ್ ಹೇಳುವುದು ಸುಮಾರು 48. ಅಷ್ಟಿದ್ದರೆ ರೈಲು ಜರ್ಕ್ ಹೊಡೆದಾಗಲೂ ಪಕ್ಕದ ಗುಂಡಿ ಒತ್ತಿಹೋಗುವುದಿಲ್ಲ.

ಲೇಬಲ್ ಮತ್ತು ವಿಳಾಸ

ಮುಂಬೈ, ಮುಂಬಯಿ, ಬೊಂಬಾಯಿ. ನನ್ನ ಬ್ಲಾಗಿನಲ್ಲಿ ಮೂರೂ ಲೇಬಲ್ ಇದ್ದವು, ಮೂರರ ಕೆಳಗೂ ಬೇರೆ ಬೇರೆ ಲೇಖನಗಳು ಹಂಚಿಹೋಗಿದ್ದವು. ಓದುವವರು ಒಂದನ್ನು ಒತ್ತಿ, ಇಷ್ಟೇ ಇರುವುದು ಅಂದುಕೊಂಡು ಹೋಗುತ್ತಿದ್ದರು. ಇಲ್ಲಿನ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಬಳಸುವ 'ಮುಂಬಯಿ'ಯನ್ನೇ ನಾನು ಉಳಿಸಿಕೊಂಡೆ. ನೀವು ಯಾವುದನ್ನಾದರೂ ಇಟ್ಟುಕೊಳ್ಳಿ, ಒಂದನ್ನೇ ಇಟ್ಟುಕೊಳ್ಳಿ. ಲೇಬಲ್‌ಗಳ ಪಟ್ಟಿಯನ್ನು ಒಂದು ಕಾಗದದಲ್ಲಿ ಬರೆದು ಹತ್ತು ಹನ್ನೆರಡಕ್ಕೆ ನಿಲ್ಲಿಸಿ. ಹುಡುಕುವವರು 'ಮಾಟುಂಗಾ' ಅಂತ ಹೊಡೆಯುತ್ತಾರೆ, ಬರಹದಲ್ಲಿ 'ಮಾಟುಂಗಾದಲ್ಲಿ', 'ಮಾಟುಂಗಾದಿಂದ' ಅಂತ ಇರುತ್ತದೆ. ಹುಡುಕಾಟ ಎಲ್ಲವನ್ನೂ ಹಿಡಿದು ಕೊಡುತ್ತದೆ ಅಂತ ನಂಬಿ ಕೂರಬೇಡಿ, ಲೇಬಲ್ ಕೆಲಸಕ್ಕೆ ಬರುವುದು ಅಲ್ಲೇ.

ಲೇಖನದ ವಿಳಾಸವನ್ನು ಪ್ರಕಟಿಸುವ ಮೊದಲೇ ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದರಿಂದ ವಿಳಾಸ ಮಾಡುವುದಿಲ್ಲ, ಬರಿ ಬ್ಲಾಗ್-ಪೋಸ್ಟ್ ಅಂತ ಇಟ್ಟು ಮುಂದೆ ಅಂಕಿ ಸೇರಿಸುತ್ತಾ ಹೋಗುತ್ತದೆ. ವರ್ಡ್‌ಪ್ರೆಸ್ ಕನ್ನಡದಲ್ಲೇ ಮಾಡುತ್ತದೆ, ಆದರೆ ಅದನ್ನು ವಾಟ್ಸ್ಆ್ಯಪ್‌ಗೆ ನಕಲಿಸಿದಾಗ ಶೇಕಡಾ ಚಿಹ್ನೆಗಳ ದೊಡ್ಡ ಸರ ಆಗಬಹುದು. ಒಂದೊಂದು ಕನ್ನಡ ಚಿಹ್ನೆಗೆ 9 ಅಕ್ಷರ ಬೀಳುತ್ತದೆ. 'ಮಳೆ' ಅಂದರೆ ಮ, ಳ, ಏತ್ವ, ಮೂರು ಚಿಹ್ನೆ, 27 ಅಕ್ಷರ. ಪೂರ್ತಿ ತಲೆಬರಹ ಆದರೆ ಲೆಕ್ಕ ಹಾಕಿ.

ಕಾಗದದ ಮೇಲೆ

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಸೊಸೈಟಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ, ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು. ಅವರು ಫೋನಿನಲ್ಲಿ ಓದುವುದಿಲ್ಲ. ಮಗನಿಗೆ ಹೇಳಿ ಸ್ಟೇಷನ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುತ್ತಾರೆ. ಒಮ್ಮೆ ಕೈಗೆ ಕೊಟ್ಟು ತೋರಿಸಿದರು, ಲೇಖನ ನಾಲ್ಕು ಪುಟದ್ದು, ಬಂದಿದ್ದ ಕಾಗದ ಹನ್ನೊಂದು. ಉಳಿದದ್ದೆಲ್ಲ ಪಕ್ಕದ ಪಟ್ಟಿ, ಲೇಬಲ್, ತಿಂಗಳುಗಳ ಸಾಲು. ಪಾಪ, ಅಷ್ಟಕ್ಕೂ ದುಡ್ಡು ಕೊಟ್ಟಿದ್ದರು.

ಅದಕ್ಕೆ ಬೇಕಾದದ್ದು ನಾಲ್ಕು ಸಾಲು. ಆ್ಯಡ್ ಸಿಎಸ್‌ಎಸ್ ಜಾಗದಲ್ಲಿ ಆ್ಯಟ್ ಚಿಹ್ನೆ ಹಾಕಿ ಮೀಡಿಯಾ ಪ್ರಿಂಟ್ ಅಂತ ಬರೆದು ಕಂಸ ತೆರೆಯಿರಿ. ಅದರೊಳಗೆ ಪಕ್ಕದ ಪಟ್ಟಿ, ತಲೆಯ ಮೆನು, ಅಡಿಪಟ್ಟಿ ಮೂರಕ್ಕೂ ಡಿಸ್‌ಪ್ಲೇ ನನ್ ಕೊಡಿ. ಲೇಖನದ ಅಗಲವನ್ನು ಶೇಕಡಾ 100 ಮಾಡಿ, ಅಕ್ಷರದ ಬಣ್ಣ ಕಪ್ಪು, ಗಾತ್ರ 13 ಪಾಯಿಂಟ್, ಲೈನ್-ಹೈಟ್ 1.7 ಸಾಕು. ಪಕ್ಕದ ಪಟ್ಟಿಗೆ ನಿಮ್ಮ ಥೀಮಿನಲ್ಲಿ ಯಾವ ಹೆಸರಿದೆ ಅಂತ ತಿಳಿಯಲು ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಇನ್‌ಸ್ಪೆಕ್ಟ್ ಅನ್ನಿ, ಕ್ಲಾಸ್ ಅಥವಾ ಐಡಿ ಅಂತ ಪಕ್ಕದಲ್ಲಿ ಕಾಣುತ್ತದೆ. ಕ್ಲಾಸ್ ಆದರೆ ಹೆಸರು ಬರೆಯುವ ಮೊದಲು ಚುಕ್ಕೆ, ಐಡಿ ಆದರೆ ಹ್ಯಾಶ್. ಉಳಿಸಿ, ಒಂದು ಲೇಖನ ತೆರೆದು ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟ್ ಕೊಡಬೇಡಿ, ಮುನ್ನೋಟದಲ್ಲಿ ಎಷ್ಟು ಪುಟ ಅಂತ ಮಾತ್ರ ನೋಡಿ. ಮೇಷ್ಟ್ರ ಆ ಹನ್ನೊಂದು ಪುಟದ ಲೇಖನ ಈಗ ನಾಲ್ಕೇ ಪುಟದಲ್ಲಿ ಬರುತ್ತದೆ.